ಮೊದಲ ಸಲ ಜೋಡಿಸಿದ ಕಂಪ್ಯೂಟರ್ ಕೈಕೊಟ್ಟಾಗ: ವಿನ್ಯಾಸ ಮತ್ತು ಗೇಮಿಂಗ್ ಯಂತ್ರದ ದೋಷ ನಿವಾರಣೆ ಕೈಪಿಡಿ

ಬಿಡಿಭಾಗಗಳನ್ನು ಒಂದೊಂದಾಗಿ ಕೊಂಡು ತಂದು ಮೊದಲ ಸಲ ಕಂಪ್ಯೂಟರ್ ಜೋಡಿಸಿದವರಿಗೆ, ಅದು ಕೆಟ್ಟಾಗ ಆಗುವ ಕಳವಳವೇ ಬೇರೆ. ಸಿದ್ಧ ಯಂತ್ರವಾದರೆ ಒಂದೇ ಕಂಪನಿಯ ಸರ್ವೀಸ್ ಸೆಂಟರಿಗೆ ಒಯ್ದು ಒಪ್ಪಿಸಿ ಬರಬಹುದು. ತಾವೇ ಜೋಡಿಸಿದ ಯಂತ್ರದಲ್ಲಿ ಏಳೆಂಟು ಭಾಗಗಳಿರುತ್ತವೆ, ಒಂದೊಂದಕ್ಕೂ ಬೇರೆ ಬೇರೆ ಕಂಪನಿಯ ವಾರಂಟಿ ಇರುತ್ತದೆ, ದೋಷ ಇಂಥದ್ದರಲ್ಲಿಯೇ ಇದೆ ಎಂದು ತೋರಿಸಿಕೊಡುವ ಹೊಣೆ ಮಾತ್ರ ಜೋಡಿಸಿದವರ ಮೇಲೆಯೇ ಬೀಳುತ್ತದೆ. ಆ ಹೊಣೆಯನ್ನು ಊಹೆಯ ಬದಲು ಪರೀಕ್ಷೆಯಿಂದ ನಿಭಾಯಿಸುವ ಬಗೆಯನ್ನು ಇಲ್ಲಿ ವಿವರಿಸಿದ್ದೇನೆ.

ಮಾತು ನಿರ್ದಿಷ್ಟವಾಗಿರಲೆಂದು ಒಂದು ಯಂತ್ರವನ್ನೇ ಮುಂದಿಟ್ಟುಕೊಳ್ಳುತ್ತೇನೆ. ಮೈಸೂರಿನಲ್ಲಿ ವಿನ್ಯಾಸ ಕಲಿಯುತ್ತಿರುವ ನನ್ನ ತಂಗಿಯ ಮಗಳಿಗಾಗಿ ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಭಾಗಗಳನ್ನು ಕೊಂಡು ನಾವಿಬ್ಬರೂ ಕುಳಿತು ಜೋಡಿಸಿದ ಯಂತ್ರ ಅದು. ಆರು ಕೋರ್‌ಗಳ ರೈಜನ್ 5 5600 ಪ್ರೊಸೆಸರ್, ಬಿ550 ಮದರ್‌ಬೋರ್ಡ್, 8 ಜಿಬಿಯ ಎರಡು ಡಿಡಿಆರ್4 ರ‍್ಯಾಮ್ ಪಟ್ಟಿಗಳು, 12 ಜಿಬಿ ಮೆಮರಿಯ ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡ್, ಕಡತಗಳನ್ನಿಡಲು 1 ಟಿಬಿಯ ಎನ್‌ವಿಎಂಇ ಎಸ್‌ಎಸ್‌ಡಿ ಮತ್ತು 550 ವಾಟ್‌ನ ಎಸ್‌ಎಂಪಿಎಸ್ (ಗೋಡೆಯ ವಿದ್ಯುತ್ತನ್ನು ಭಾಗಗಳಿಗೆ ಬೇಕಾದಂತೆ ಮಾರ್ಪಡಿಸಿ ಕೊಡುವ ಡಬ್ಬಿ). ಮೂರು ಆಯಾಮದ ಚಿತ್ರ ರಚಿಸುವ ಬ್ಲೆಂಡರ್, ಫೋಟೋಶಾಪ್ ಮತ್ತು ಬಿಡುವಿನಲ್ಲಿ ಆಟ, ಈ ಮೂರಕ್ಕೂ ಸಾಲುವಂತೆ ಕಡಿಮೆ ಹಣದಲ್ಲಿ ಆರಿಸಿದ ಜೋಡಣೆ ಇದು. ನಿಮ್ಮ ಭಾಗಗಳು ಬೇರೆಯಾಗಿದ್ದರೂ ಹುಡುಕುವ ಕ್ರಮ ಬಹುಪಾಲು ಇದೇ ಆಗಿರುತ್ತದೆ.

ಕೈ ಹಾಕುವ ಮುನ್ನ

ಒಂದು ನೋಟ್‌ಬುಕ್ ತೆರೆದಿಡಿ. ದೋಷ ಕಾಣಿಸಿದ ದಿನ, ಗಂಟೆ, ಆಗ ನಡೆಯುತ್ತಿದ್ದ ಕೆಲಸ, ಕೇಳಿಸಿದ ಸದ್ದು, ಪರದೆಯ ಮೇಲೆ ಬಂದ ಬರಹ, ಇವಿಷ್ಟನ್ನೂ ಅಂದಂದೇ ಬರೆಯಿರಿ. ಹೀಗೆ ಬರೆದಿಡುವುದು ಅತಿಯಾಯಿತು ಎಂದು ಅನೇಕರಿಗೆ ಅನ್ನಿಸಬಹುದು. ಆದರೆ ಮುಂದೆ ಹೇಳಲಿರುವ ದೋಷವನ್ನು ನಮಗೆ ಹಿಡಿದುಕೊಟ್ಟದ್ದು ಯಾವ ತಂತ್ರಾಂಶವೂ ಅಲ್ಲ, ಆ ನೋಟ್‌ಬುಕ್ಕಿನ ಒಂದು ಪುಟ. ಎರಡನೆಯದಾಗಿ, ಒಂದು ಸಲಕ್ಕೆ ಒಂದನ್ನೇ ಬದಲಿಸಿ. ರ‍್ಯಾಮ್ ತೆಗೆದು ಹಾಕಿ, ಅದೇ ಹೊತ್ತಿಗೆ ಕಾರ್ಡನ್ನು ನಡೆಸುವ ತಂತ್ರಾಂಶವಾದ ಡ್ರೈವರನ್ನೂ ಬದಲಿಸಿದರೆ ಯಂತ್ರ ಸರಿಹೋಗಬಹುದು, ಆದರೆ ಯಾವುದರಿಂದ ಸರಿಹೋಯಿತು ಎಂಬುದು ತಿಳಿಯದೆ ಮುಂದಿನ ತಿಂಗಳು ಅದೇ ದೋಷ ಮರಳಿದಾಗ ಮತ್ತೆ ಮೊದಲಿನಿಂದ ಹುಡುಕಬೇಕಾಗುತ್ತದೆ.

ಕ್ಯಾಬಿನೆಟ್ ತೆರೆಯುವ ಮೊದಲು ಗೋಡೆಯ ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಪವರ್ ಬಟನ್ನನ್ನು ಕೆಲವು ಸೆಕೆಂಡು ಒತ್ತಿಹಿಡಿದರೆ ಒಳಗೆ ಉಳಿದ ವಿದ್ಯುತ್ತು ಬಹುಮಟ್ಟಿಗೆ ಹರಿದುಹೋಗುತ್ತದೆ. ಭಾಗಗಳನ್ನು ಮುಟ್ಟುವ ಮೊದಲು ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹದ ಭಾಗವನ್ನು ಮುಟ್ಟಿ ಮೈಯ ಸ್ಥಿರ ವಿದ್ಯುತ್ತನ್ನು ಕಳೆದುಕೊಳ್ಳಬೇಕು. ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಯಾವ ಕಾರಣಕ್ಕೂ ಬಿಚ್ಚಬಾರದು; ಪ್ಲಗ್ ತೆಗೆದ ಮೇಲೂ ಅದರೊಳಗಿನ ಕೆಪಾಸಿಟರ್‌ಗಳಲ್ಲಿ ಅಪಾಯಕಾರಿ ವೋಲ್ಟೇಜ್ ಉಳಿದಿರುತ್ತದೆ.

ಜೀವವೇ ಇಲ್ಲದ ಯಂತ್ರ

ಬಟನ್ ಒತ್ತಿದರೆ ಫ್ಯಾನ್ ತಿರುಗುವುದಿಲ್ಲ, ದೀಪ ಹೊತ್ತುವುದಿಲ್ಲ ಎಂದಾದರೆ ಹುಡುಕಾಟ ಗೋಡೆಯಿಂದ ಒಳಕ್ಕೆ ಸಾಗಬೇಕು. ಅದೇ ಸಾಕೆಟ್ಟಿಗೆ ಟೇಬಲ್ ಲ್ಯಾಂಪ್ ಹಾಕಿ ನೋಡಿ, ಎಸ್‌ಎಂಪಿಎಸ್ ಹಿಂಬದಿಯ ಸ್ವಿಚ್ ಹಾಕಿದೆಯೇ ಎಂದು ನೋಡಿ, ಅನಂತರ ಮದರ್‌ಬೋರ್ಡಿನ 24 ಪಿನ್ನಿನ ಮುಖ್ಯ ಕನೆಕ್ಟರ್ ಮತ್ತು ಪ್ರೊಸೆಸರ್ ಪಕ್ಕದ 8 ಪಿನ್ನಿನ ಕನೆಕ್ಟರ್ ಕೊಂಡಿ ಕಚ್ಚುವವರೆಗೂ ಕೂತಿವೆಯೇ ಎಂದು ಕೈಯಿಂದ ಒತ್ತಿ ನೋಡಿ. ಈ ಎರಡನೆಯದನ್ನು ಹಾಕಲು ಮರೆಯುವುದು ಹೊಸಬರಲ್ಲಿ ತೀರ ಸಾಮಾನ್ಯ. ಗ್ರಾಫಿಕ್ಸ್ ಕಾರ್ಡಿನ 8 ಪಿನ್ನಿನ ಕನೆಕ್ಟರ್ ನೋಡಲು ಇದರಂತೆಯೇ ಇದ್ದರೂ ಅದರ ತಂತಿಗಳ ಜೋಡಣೆಯೂ ಪಿನ್ನುಗಳ ಆಕಾರವೂ ಬೇರೆ. ಒಂದರ ಜಾಗಕ್ಕೆ ಇನ್ನೊಂದನ್ನು ಬಲವಂತವಾಗಿ ತುರುಕಬಾರದು. ಕೇಬಲ್ ಬಿಚ್ಚಿ ತೆಗೆಯಬಹುದಾದ ಬಗೆಯ ಎಸ್‌ಎಂಪಿಎಸ್ ನಿಮ್ಮದಾಗಿದ್ದರೆ ಅದರ ಜೊತೆ ಬಂದ ಕೇಬಲ್‌ಗಳನ್ನೇ ಬಳಸಬೇಕು. ಬೇರೆ ಮಾದರಿಯ ಕೇಬಲ್ ಸರಿಯಾಗಿ ಕೂತಂತೆ ಕಂಡರೂ ಎಸ್‌ಎಂಪಿಎಸ್ ಬದಿಯ ಪಿನ್ನುಗಳ ಕ್ರಮ ಕಂಪನಿಯಿಂದ ಕಂಪನಿಗೆ ಬದಲಾಗುವುದರಿಂದ ಕ್ಷಣಮಾತ್ರದಲ್ಲಿ ಡಿಸ್ಕ್ ಸುಟ್ಟುಹೋಗುವ ಸಂಭವವಿದೆ.

ಇವೆಲ್ಲ ಸರಿಯಿದ್ದರೆ ಸಂಶಯ ಪವರ್ ಬಟನ್ನಿನ ಮೇಲೆ ಹೋಗಬೇಕು. ಬಟನ್ನಿನಿಂದ ಬರುವ ಎರಡು ಸಣ್ಣ ತಂತಿಗಳು ಮದರ್‌ಬೋರ್ಡಿನ ಕೆಳಮೂಲೆಯ ಪಿನ್ನುಗಳ ಗುಂಪಿಗೆ ಸೇರುತ್ತವೆ. ಒಂದು ಪಿನ್ ಆಚೀಚೆ ಆದರೂ ಬಟನ್ ಕೆಲಸ ಮಾಡುವುದಿಲ್ಲ. ಬೋರ್ಡಿನ ಕೈಪಿಡಿಯಲ್ಲಿ ಪವರ್ ಸ್ವಿಚ್ ಎಂದು ತೋರಿಸಿದ ಎರಡು ಪಿನ್ನುಗಳಿಂದ ತಂತಿ ತೆಗೆದು ಸ್ಕ್ರೂಡ್ರೈವರ್ ತುದಿಯಿಂದ ಆ ಎರಡನ್ನೂ ಒಂದು ಕ್ಷಣ ತಾಗಿಸಿದಾಗ ಯಂತ್ರ ಹೊತ್ತಿಕೊಂಡರೆ ದೋಷ ಬಟನ್ನಿನಲ್ಲಿದೆ, ಬೋರ್ಡಿನಲ್ಲಿಲ್ಲ. ಆಗಲೂ ಹೊತ್ತಿಕೊಳ್ಳದಿದ್ದರೆ ಗೆಳೆಯರ ಎಸ್‌ಎಂಪಿಎಸ್ಸನ್ನು ಅದರದೇ ಕೇಬಲ್‌ಗಳೊಂದಿಗೆ ತಂದು ಹಾಕಿ ನೋಡುವುದೇ ನೇರ ದಾರಿ. ಪೇಪರ್ ಕ್ಲಿಪ್ಪಿನಿಂದ ಎಸ್‌ಎಂಪಿಎಸ್ ಒಂದನ್ನೇ ಚಾಲೂ ಮಾಡುವ ಉಪಾಯವನ್ನು ಹಲವರು ಹೇಳಿಕೊಡುತ್ತಾರೆ. ಅದರ ಫ್ಯಾನ್ ತಿರುಗಿತೆಂದರೆ ಅದು ಚಾಲೂ ಆಗಬಲ್ಲದು ಎಂದಷ್ಟೇ ಅರ್ಥ, ಭಾರ ಹೊರಬಲ್ಲದು ಎಂದಲ್ಲ. ಆದ್ದರಿಂದ ಆ ಪರೀಕ್ಷೆಯ ಮೇಲೆ ನನಗೆ ಹೆಚ್ಚು ಭರವಸೆಯಿಲ್ಲ.

ಕ್ಯಾಬಿನೆಟ್ ಮುಟ್ಟಿದರೆ ಜುಮ್ಮೆನ್ನುತ್ತದೆಯೇ?

ಇದನ್ನು ಬೇರೆಯಾಗಿಯೇ ಹೇಳಬೇಕು, ಏಕೆಂದರೆ ನಮ್ಮ ಮನೆಗಳಲ್ಲಿ ಇದನ್ನು ದೋಷವೆಂದೇ ಯಾರೂ ಎಣಿಸುವುದಿಲ್ಲ. ಬರಿಗಾಲಲ್ಲಿ ನಿಂತು ಕ್ಯಾಬಿನೆಟ್ಟಿನ ಲೋಹ ಮುಟ್ಟಿದಾಗ ಬೆರಳು ಜುಮ್ಮೆಂದರೆ ಆ ಸಾಕೆಟ್ಟಿಗೆ ಅರ್ಥಿಂಗ್ ಇಲ್ಲ ಎಂಬ ಸಂಶಯ ಮೊದಲು ಬರಬೇಕು. ಎಸ್‌ಎಂಪಿಎಸ್‌ನ ಒಳಗೆ ವಿದ್ಯುತ್ ಗದ್ದಲವನ್ನು ಸೋಸುವ ಸಣ್ಣ ಕೆಪಾಸಿಟರ್‌ಗಳು ಲೈನ್ ಮತ್ತು ನ್ಯೂಟ್ರಲ್ ಎರಡರಿಂದಲೂ ಲೋಹದ ಕವಚಕ್ಕೆ ಕೂಡಿಕೊಂಡಿರುತ್ತವೆ. ಅರ್ಥಿಂಗ್ ಇದ್ದರೆ ಆ ಸೋರಿಕೆ ನೆಲಕ್ಕೆ ಇಳಿದುಹೋಗುತ್ತದೆ. ಇಲ್ಲದಿದ್ದರೆ ಕವಚ 230 ವೋಲ್ಟಿನ ಸುಮಾರು ಅರ್ಧದಷ್ಟು ವೋಲ್ಟೇಜಿಗೆ ಏರಿ ನಿಲ್ಲುತ್ತದೆ. ಹರಿಯುವ ಕರೆಂಟು ಅತ್ಯಲ್ಪವಾದ್ದರಿಂದ ಜುಮ್ಮೆನ್ನುವುದಷ್ಟೇ ತಿಳಿಯುತ್ತದೆ. ಆದರೆ ಎಸ್‌ಎಂಪಿಎಸ್ ಒಳಗೇ ಏನಾದರೂ ಕೆಟ್ಟ ದಿನ, ಮುಟ್ಟಿದವರನ್ನು ಕಾಪಾಡಬೇಕಾಗಿದ್ದ ತಂತಿಯೇ ಅಲ್ಲಿ ಇರುವುದಿಲ್ಲ. ಮಲ್ಟಿಮೀಟರ್ ಬಳಸಲು ಬಲ್ಲವರು ಸಾಕೆಟ್ಟಿನಲ್ಲಿ ಅಳೆದರೆ ಲೈನ್ ಮತ್ತು ಅರ್ಥ್ ನಡುವೆ ಸುಮಾರು 230 ವೋಲ್ಟ್, ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಒಂದೆರಡು ವೋಲ್ಟ್ ತೋರಬೇಕು. ಹಾಗೆ ತೋರದಿದ್ದರೆ, ಅಥವಾ ಅಳೆಯಲು ಬಾರದಿದ್ದರೆ, ಎಲೆಕ್ಟ್ರಿಷಿಯನ್ನರನ್ನು ಕರೆಸಿ. ಮೂರು ಪಿನ್ನಿನ ಪ್ಲಗ್ಗನ್ನು ಎರಡು ಪಿನ್ನಿನ ಅಡಾಪ್ಟರಿಗೆ ಸಿಕ್ಕಿಸುವ ರೂಢಿಯನ್ನಂತೂ ಕಂಪ್ಯೂಟರಿನ ಮಟ್ಟಿಗೆ ಕೈಬಿಡಲೇಬೇಕು.

ಫ್ಯಾನ್ ತಿರುಗುತ್ತದೆ, ಪರದೆ ಕಪ್ಪಾಗಿಯೇ ಇರುತ್ತದೆ

ಮೊದಲ ಜೋಡಣೆಯಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಡುವ ದೋಷ ಇದು. ಮೊದಲು ನೋಡಬೇಕಾದದ್ದು ಮಾನಿಟರಿನ ಕೇಬಲ್ ಎಲ್ಲಿದೆ ಎಂಬುದನ್ನು. ರೈಜನ್ 5 5600 ಪ್ರೊಸೆಸರಿನ ಒಳಗೆ ಗ್ರಾಫಿಕ್ಸ್ ಇಲ್ಲ. ಮದರ್‌ಬೋರ್ಡಿನ ಹಿಂಬದಿಯಲ್ಲಿ ಎಚ್‌ಡಿಎಂಐ ಕಿಂಡಿ ಇದ್ದರೂ ಈ ಪ್ರೊಸೆಸರ್ ಇರುವಾಗ ಅದರಿಂದ ಚಿತ್ರ ಬರುವುದಿಲ್ಲ. ಕೇಬಲ್ ಗ್ರಾಫಿಕ್ಸ್ ಕಾರ್ಡಿನ ಕಿಂಡಿಗೇ ಹೋಗಬೇಕು. ಹೆಸರಿನ ಕೊನೆಗೆ ಜಿ ಅಕ್ಷರವಿರುವ 5600ಜಿ ಆಗಿದ್ದರೆ ಮದರ್‌ಬೋರ್ಡಿನ ಕಿಂಡಿಯೂ ಕೆಲಸ ಮಾಡುತ್ತದೆ. ಆಗ ಬೇರೆಯದೇ ತೊಡಕಾಗುತ್ತದೆ: ಕೇಬಲ್ ಅಲ್ಲಿಗೇ ಹಾಕಿ, ಹಣ ಕೊಟ್ಟು ತಂದ ಕಾರ್ಡನ್ನು ಸುಮ್ಮನೆ ಕೂರಿಸಿ, ಆಟ ಏಕೆ ಓಡುತ್ತಿಲ್ಲ ಎಂದು ತಿಂಗಳುಗಟ್ಟಲೆ ಕೊರಗುವವರಿದ್ದಾರೆ.

ಕೇಬಲ್ ಸರಿಯಿದ್ದರೆ ಮದರ್‌ಬೋರ್ಡಿನ ಅಂಚಿನಲ್ಲಿರುವ ನಾಲ್ಕು ಸಣ್ಣ ದೀಪಗಳನ್ನು ಹುಡುಕಿ. ಎಲ್ಲ ಬೋರ್ಡುಗಳಲ್ಲಿ ಇರದಿದ್ದರೂ ಅನೇಕ ಬಿ550 ಬೋರ್ಡುಗಳಲ್ಲಿ ಪ್ರೊಸೆಸರ್, ರ‍್ಯಾಮ್, ಗ್ರಾಫಿಕ್ಸ್, ಬೂಟ್ ಎಂಬ ನಾಲ್ಕು ಹಂತಗಳಿಗೆ ಒಂದೊಂದು ದೀಪವಿರುತ್ತದೆ. ಯಂತ್ರ ಏಳುವಾಗ ಇವು ಒಂದಾದ ಮೇಲೊಂದು ಹೊತ್ತಿ ಆರುತ್ತವೆ. ಆರದೆ ಉಳಿದ ದೀಪ ಯಂತ್ರ ಯಾವ ಹಂತದಲ್ಲಿ ನಿಂತಿತು ಎಂಬುದನ್ನು ತೋರಿಸುತ್ತದೆ. ಆ ಭಾಗವೇ ಕೆಟ್ಟಿದೆ ಎಂದು ಇದರಿಂದ ತೀರ್ಮಾನಿಸಬಾರದು. ರ‍್ಯಾಮ್ ದೀಪ ಉಳಿದುಕೊಂಡಾಗ ಹೆಚ್ಚಿನ ಸಲ ಪಟ್ಟಿ ಪೂರ್ತಿ ಕೂತಿರುವುದಿಲ್ಲ ಅಷ್ಟೆ. ಕೆಲವು ಬೋರ್ಡುಗಳ ರ‍್ಯಾಮ್ ಕಿಂಡಿಗೆ ಒಂದೇ ಬದಿಯಲ್ಲಿ ಕೊಂಡಿಯಿರುತ್ತದೆ. ಕೊಂಡಿಯಿಲ್ಲದ ಬದಿ ಅರ್ಧ ಮಿಲಿಮೀಟರ್ ಮೇಲೆದ್ದಿದ್ದರೂ ಕಣ್ಣಿಗೆ ಕಾಣುವುದಿಲ್ಲ. ಪಟ್ಟಿ ತೆಗೆದು, ಕೊಂಡಿ ಕಚ್ಚಿದ ಸದ್ದು ಕೇಳುವವರೆಗೆ ಎರಡೂ ಬದಿಯನ್ನು ಒತ್ತಿ ಕೂರಿಸಿ. ನಾಲ್ಕು ಕಿಂಡಿಗಳ ಬೋರ್ಡಿನಲ್ಲಿ ಎರಡೇ ಪಟ್ಟಿಗಳಿದ್ದರೆ ಅವು ಪ್ರೊಸೆಸರ್ ಕಡೆಯಿಂದ ಎಣಿಸಿದಾಗ ಸಾಮಾನ್ಯವಾಗಿ ಎರಡನೆಯ ಮತ್ತು ನಾಲ್ಕನೆಯ ಕಿಂಡಿಯಲ್ಲಿರಬೇಕು. ಆಗಲೂ ಏಳದಿದ್ದರೆ ಒಂದೇ ಪಟ್ಟಿಯನ್ನು ಎರಡನೆಯ ಕಿಂಡಿಯಲ್ಲಿಟ್ಟು ನೋಡಿ, ಅನಂತರ ಅದೇ ಕಿಂಡಿಯಲ್ಲಿ ಇನ್ನೊಂದನ್ನು ಇಟ್ಟು ನೋಡಿ. ಪಟ್ಟಿಯ ದೋಷವೋ ಕಿಂಡಿಯ ದೋಷವೋ ಎಂಬುದು ಹೀಗೆ ಅದಲುಬದಲು ಮಾಡಿದಾಗಲೇ ಬೇರ್ಪಡುತ್ತದೆ.

ಪ್ರೊಸೆಸರ್ ದೀಪ ಉಳಿದರೆ 8 ಪಿನ್ನಿನ ಕನೆಕ್ಟರನ್ನು ಮತ್ತೊಮ್ಮೆ ನೋಡಿ, ಅನಂತರ ಬಯಾಸ್ (ಯಂತ್ರವನ್ನು ಎಬ್ಬಿಸುವ, ಮದರ್‌ಬೋರ್ಡಿನೊಳಗಿನ ಮೂಲ ತಂತ್ರಾಂಶ) ಆವೃತ್ತಿಯನ್ನು ಸಂಶಯಿಸಿ. ಹಣ ಉಳಿಸಲೆಂದು ಹಳೆಯ ಬಿ450 ಬೋರ್ಡು ಕೊಂಡವರು ಇಲ್ಲಿ ಸಿಕ್ಕಿಕೊಳ್ಳುತ್ತಾರೆ. ಆ ಬೋರ್ಡುಗಳು ಬಂದಾಗ 5000 ಸರಣಿಯ ರೈಜನ್ ಪ್ರೊಸೆಸರ್‌ಗಳೇ ಇರಲಿಲ್ಲ. ಬಯಾಸ್ ಹೊಸದಾಗದ ಹೊರತು ಬೋರ್ಡು ಈ ಪ್ರೊಸೆಸರನ್ನು ಗುರುತಿಸುವುದಿಲ್ಲ. ಪ್ರೊಸೆಸರ್ ಇಲ್ಲದೆಯೇ ಪೆನ್‌ಡ್ರೈವಿನಿಂದ ಬಯಾಸ್ ಬರೆಯುವ ಬಟನ್ ನಿಮ್ಮ ಬೋರ್ಡಿನ ಹಿಂಬದಿಯಲ್ಲಿದ್ದರೆ ಅದನ್ನು ಬಳಸಬಹುದು, ಇಲ್ಲವಾದರೆ ಹಳೆಯ ಪ್ರೊಸೆಸರ್ ಇರುವ ಅಂಗಡಿಯವರಿಂದ ಬರೆಸಿಕೊಳ್ಳಬೇಕು. ಕೊಳ್ಳುವಾಗಲೇ ಬೋರ್ಡನ್ನು ಅಂಗಡಿಯಲ್ಲಿ ಹೊತ್ತಿಸಿ ತೋರಿಸಿ ಎಂದು ಕೇಳಲು ಸಂಕೋಚಪಡಬಾರದು.

ಪ್ರೊಸೆಸರನ್ನೇ ತೆಗೆದು ನೋಡುವ ಯೋಚನೆ ಬಂದರೆ ಒಂದು ಎಚ್ಚರಿಕೆ. ರೈಜನ್ 5 5600 ಸೇರಿದಂತೆ ಎಎಂ4 ಎಂಬ ಸಾಕೆಟ್ಟಿನಲ್ಲಿ ಕೂರುವ ಪ್ರೊಸೆಸರ್‌ಗಳಲ್ಲಿ ಪಿನ್ನುಗಳು ಪ್ರೊಸೆಸರಿನ ಅಡಿಯಲ್ಲೇ ಇವೆ, 1,331 ಪಿನ್ನುಗಳು. ಬಿಸಿಯನ್ನು ಕೂಲರಿಗೆ ದಾಟಿಸಲು ನಡುವೆ ಹಚ್ಚಿದ ಪೇಸ್ಟ್ ಒಣಗಿ ಅಂಟಿಕೊಂಡಿರುವಾಗ ಕೂಲರನ್ನು ನೇರ ಮೇಲಕ್ಕೆ ಎಳೆದರೆ ಪ್ರೊಸೆಸರ್ ಸಾಕೆಟ್ಟಿನಿಂದ ಕಿತ್ತು ಬಂದು ಪಿನ್ನುಗಳು ಬಾಗುತ್ತವೆ, ಬಾಗಿದ ಪಿನ್ನಿಗೆ ವಾರಂಟಿ ಸಿಗುವುದಿಲ್ಲ. ಸಾಧ್ಯವಾದರೆ ಯಂತ್ರವನ್ನು ಸ್ವಲ್ಪ ಹೊತ್ತು ಓಡಿಸಿ ಬಿಸಿ ಮಾಡಿ, ಆರಿಸಿ, ಪ್ಲಗ್ ಕಿತ್ತು, ಸ್ಕ್ರೂ ಸಡಿಲಿಸಿ, ಕೂಲರನ್ನು ಎಡಕ್ಕೂ ಬಲಕ್ಕೂ ನಿಧಾನವಾಗಿ ತಿರುವಿ ಅಂಟು ಬಿಟ್ಟ ಮೇಲೆ ಎತ್ತಬೇಕು.

ಗ್ರಾಫಿಕ್ಸ್ ದೀಪಕ್ಕೆ ಕಾರಣ ಕಾರ್ಡು ಪೂರ್ತಿ ಕೂರದಿರುವುದು ಅಥವಾ ಅದರ 8 ಪಿನ್ನಿನ ಕೇಬಲ್ ಹಾಕದಿರುವುದು. ಆರ್‌ಟಿಎಕ್ಸ್ 3060 ಎಳೆಯುವುದು 170 ವಾಟ್. ಮದರ್‌ಬೋರ್ಡಿನ ಕಿಂಡಿ ಕೊಡಬಲ್ಲದ್ದು 75 ವಾಟ್ ಮಾತ್ರ, ಉಳಿದದ್ದು ಆ ಕೇಬಲ್ಲಿನಿಂದಲೇ ಬರಬೇಕು. ಬೂಟ್ ದೀಪ ಉಳಿದರೆ ಅಂಜಬೇಕಾದದ್ದಿಲ್ಲ: ಎಸ್‌ಎಸ್‌ಡಿ ಕಿಂಡಿಯಲ್ಲಿ ಸರಿಯಾಗಿ ಕೂತಿಲ್ಲ, ಇಲ್ಲವೇ ಅದರಲ್ಲಿ ಇನ್ನೂ ವಿಂಡೋಸ್ ಹಾಕಿಲ್ಲ.

ಯಾವ ದೀಪದಿಂದಲೂ ದಾರಿ ತೋರದಿದ್ದಾಗ ಬಯಾಸ್ ನೆನಪನ್ನು ಅಳಿಸಬೇಕು. ಪ್ಲಗ್ ಕಿತ್ತು, ಬೋರ್ಡಿನ ಮೇಲಿನ ನಾಣ್ಯದಂಥ ಸಿಆರ್2032 ಬ್ಯಾಟರಿಯನ್ನು ತೆಗೆದು ಐದು ನಿಮಿಷ ಬಿಟ್ಟು ಹಾಕಿದರೆ ಸಾಕು. ಅದಕ್ಕೂ ಜಗ್ಗದಿದ್ದರೆ ಬೋರ್ಡನ್ನು ಕ್ಯಾಬಿನೆಟ್ಟಿನಿಂದ ಹೊರಗೆ ತೆಗೆದು, ಅದರದೇ ರಟ್ಟಿನ ಪೆಟ್ಟಿಗೆಯ ಮೇಲಿಟ್ಟು, ಪ್ರೊಸೆಸರ್, ಕೂಲರ್, ಒಂದು ರ‍್ಯಾಮ್ ಪಟ್ಟಿ, ಕಾರ್ಡು ಇಷ್ಟನ್ನೇ ಜೋಡಿಸಿ ಹೊತ್ತಿಸಿ ನೋಡಿ. ಹೊರಗೆ ಎದ್ದು ಒಳಗೆ ಏಳದ ಯಂತ್ರವಾದರೆ ಬೋರ್ಡಿನ ಅಡಿಯಲ್ಲಿ ಬೇಡದ ಕಡೆ ಉಳಿದ ಹಿತ್ತಾಳೆಯ ಆಧಾರ ಸ್ಕ್ರೂ ಎಲ್ಲೋ ಶಾರ್ಟ್ ಮಾಡುತ್ತಿದೆ ಎಂದು ತಿಳಿಯಬೇಕು. ಹೊಸ ಪೀಳಿಗೆಯ ಡಿಡಿಆರ್5 ಬೋರ್ಡು ಕೊಂಡವರು ಇಷ್ಟೆಲ್ಲ ಮಾಡುವ ಮೊದಲು ತಾಳ್ಮೆಯಿಂದ ಕಾಯಬೇಕು. ಮೊದಲ ಸಲ ಹೊತ್ತಿಸಿದಾಗ ರ‍್ಯಾಮ್ ಹೊಂದಿಸಿಕೊಳ್ಳಲು ಆ ಯಂತ್ರಗಳು ಹಲವು ನಿಮಿಷ ತೆಗೆದುಕೊಳ್ಳುತ್ತವೆ, ಅಷ್ಟು ಹೊತ್ತೂ ಪರದೆ ಕಪ್ಪಾಗಿರುತ್ತದೆ.

ಓಡುತ್ತಿದ್ದ ಯಂತ್ರ ತಟ್ಟನೆ ಆರಿದರೆ

ನಮ್ಮ ಯಂತ್ರ ಕೈಕೊಟ್ಟದ್ದು ಇಲ್ಲಿ. ಎರಡು ವಾರ ಚೆನ್ನಾಗಿ ಓಡಿದ ಮೇಲೆ ಒಂದು ರಾತ್ರಿ ತಂಗಿಯ ಮಗಳು ಫೋನ್ ಮಾಡಿ, “ಮಾವ, ರೆಂಡರ್ ರಾತ್ರಿಯೆಲ್ಲ ಓಡುತ್ತೆ, ಏನೂ ಆಗಲ್ಲ. ಆಟ ಹಾಕಿದರೆ ಮಾತ್ರ ತಟ್ ಅಂತ ಆಫ್ ಆಗಿ ಮತ್ತೆ ಆನ್ ಆಗುತ್ತೆ” ಎಂದಳು. (ರೆಂಡರ್ ಎಂದರೆ ಬ್ಲೆಂಡರಿನಲ್ಲಿ ರಚಿಸಿದ ದೃಶ್ಯವನ್ನು ಕಂಪ್ಯೂಟರ್ ಲೆಕ್ಕಹಾಕಿ ಪೂರ್ತಿ ಚಿತ್ರವಾಗಿಸುವ ಕೆಲಸ.) ಅಂಗಡಿಯವರಿಗೆ ಕೇಳಿದಾಗ ಕಾರ್ಡ್ ಹೋಗಿರಬೇಕು, ವಾರಂಟಿಗೆ ಕಳಿಸಿ ಎಂದರು. ಯಂತ್ರದಲ್ಲಿ ಎಲ್ಲಕ್ಕಿಂತ ದುಬಾರಿ ಭಾಗದ ಮೇಲೆ, ಒಂದು ಪರೀಕ್ಷೆಯನ್ನೂ ಮಾಡದೆ, ಮೊದಲ ಸಂಶಯ ಹೋಗುವುದು ಹೀಗೆಯೇ.

ತಟ್ಟನೆ ಆರುವುದಕ್ಕೆ ಎರಡು ದೊಡ್ಡ ಕಾರಣಗಳಿವೆ: ಬಿಸಿ ಮತ್ತು ವಿದ್ಯುತ್ತು. ಎರಡನ್ನೂ ಬೇರ್ಪಡಿಸುವುದು ಕಷ್ಟವಲ್ಲ. ಬಿಸಿಯಾದ ಪ್ರೊಸೆಸರ್ ಒಮ್ಮೆಲೇ ಆರುವುದಿಲ್ಲ. ರೈಜನ್ 5 5600ಕ್ಕೆ ಕಂಪನಿ ಹಾಕಿರುವ ಮಿತಿ 90 ಡಿಗ್ರಿ ಸೆಲ್ಸಿಯಸ್, ಅದರ ಹತ್ತಿರ ಬಂದಾಗ ಪ್ರೊಸೆಸರ್ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಅಂದರೆ ಯಂತ್ರ ಮೊದಲು ನಿಧಾನವಾಗುತ್ತದೆ, ಫ್ಯಾನ್ ಅಬ್ಬರಿಸುತ್ತದೆ, ಆರುವುದು ತೀರ ಕೊನೆಗೆ. ಎಚ್‌ಡಬ್ಲ್ಯುಇನ್ಫೋ ಎಂಬ ಉಚಿತ ತಂತ್ರಾಂಶದಲ್ಲಿ ಉಷ್ಣತೆಯನ್ನು ದಾಖಲಿಸುತ್ತ ಭಾರೀ ಕೆಲಸ ಕೊಡಿ. ಜೊತೆಗೆ ಬರುವ ಸಣ್ಣ ಕೂಲರಿನಲ್ಲಿ ಬೇಸಿಗೆಯ ದಿನ 80 ಡಿಗ್ರಿ ದಾಟುವುದು ಅಸಹಜವಲ್ಲ. ಆದರೆ ಒಂದೇ ನಿಮಿಷದಲ್ಲಿ 90 ಮುಟ್ಟಿದರೆ ಕೂಲರಿನ ನಾಲ್ಕು ಸ್ಕ್ರೂಗಳು ಸಮವಾಗಿ ಬಿಗಿಯಾಗಿಲ್ಲ, ಇಲ್ಲವೇ ಬೇರೆಯಾಗಿ ಕೊಂಡ ಕೂಲರಿನ ತಳದ ಪ್ಲಾಸ್ಟಿಕ್ ಹಾಳೆಯನ್ನು ತೆಗೆಯಲು ಮರೆತಿದ್ದೀರಿ. ನಮ್ಮ ಯಂತ್ರದ ದಾಖಲೆಯಲ್ಲಿ ಆರುವ ಕ್ಷಣಕ್ಕೆ ಪ್ರೊಸೆಸರ್ 68 ಡಿಗ್ರಿ, ಕಾರ್ಡು 71 ಡಿಗ್ರಿ ಇತ್ತು. ಬಿಸಿಯ ಮಾತು ಅಲ್ಲಿಗೆ ಮುಗಿಯಿತು.

ವಿಂಡೋಸ್‌ನ ಇವೆಂಟ್ ವ್ಯೂವರಿನಲ್ಲಿ ಕರ್ನಲ್ ಪವರ್ 41 ಎಂಬ ದಾಖಲೆ ಕಂಡಿತು. ಇದನ್ನು ಕಂಡ ಕೂಡಲೇ ಎಸ್‌ಎಂಪಿಎಸ್ ಕೆಟ್ಟಿದೆ ಎಂದು ಹೊಸದನ್ನು ಕೊಳ್ಳುವವರು ಬಹಳ ಮಂದಿ. ಆ ದಾಖಲೆ ಹೇಳುವುದು, ಹಿಂದಿನ ಸಲ ಯಂತ್ರ ಸರಿಯಾಗಿ ಮುಚ್ಚಿಕೊಳ್ಳದೆ ನಿಂತುಹೋಯಿತು ಎಂಬುದನ್ನಷ್ಟೇ. ಏಕೆ ನಿಂತಿತು ಎಂಬುದನ್ನಲ್ಲ. ಗೋಡೆಯ ಸ್ವಿಚ್ ನೀವೇ ಆರಿಸಿದರೂ ಅದೇ ದಾಖಲೆ ಬರುತ್ತದೆ.

ಅವಳು ಬರೆದಿಟ್ಟ ಪುಟದಲ್ಲಿ ಆರು ಸಲದ ವಿವರವಿತ್ತು. ಆರೂ ಸಲ ಸಂಜೆ ಏಳರಿಂದ ಎಂಟರೊಳಗೆ. ಬೆಳಿಗ್ಗೆ ಮೂರು ಗಂಟೆ ಆಡಿದ ಭಾನುವಾರ ಏನೂ ಆಗಿರಲಿಲ್ಲ. ಎರಡು ಸಲದ ಎದುರು, ಆರುವ ಮುಂಚೆ ಮೇಜಿನ ಕೆಳಗೆ ‘ಟಕ್’ ಎಂಬ ಸದ್ದು ಎಂದು ಬರೆದಿದ್ದಳು. ಕೊನೆಯ ಸಾಲು ನಮ್ಮ ದಿಕ್ಕನ್ನೇ ಬದಲಿಸಿತು: ಆ ದಿನ ಆಟ ಹಾಕಿರಲೇ ಇಲ್ಲ, ರೆಂಡರ್ ನಡೆಯುವಾಗಲೇ ಯಂತ್ರ ಆರಿತ್ತು. ಅಂದು ಬೇರೆಯಾದದ್ದೇನು ಎಂದು ಕೇಳಿದರೆ, ಬ್ಲೆಂಡರಿನೊಳಗೆ ರೆಂಡರ್ ಮಾಡುವ ಸೈಕಲ್ಸ್ ಎಂಬ ಭಾಗವನ್ನು ಅಂದೇ ಮೊದಲ ಸಲ ಗ್ರಾಫಿಕ್ಸ್ ಕಾರ್ಡಿನ ಮೇಲೆ ಓಡಿಸಿದ್ದಳು. ಬ್ಲೆಂಡರಿನಲ್ಲಿ ಪ್ರಿಫರೆನ್ಸಸ್‌ಗೆ ಹೋಗಿ ಕಾರ್ಡನ್ನು ನಾವಾಗಿ ಆರಿಸುವವರೆಗೆ ಸೈಕಲ್ಸ್ ಪ್ರೊಸೆಸರಿನ ಮೇಲೆಯೇ ಓಡುತ್ತದೆ. ರಾತ್ರಿಯಿಡೀ ಸುಸೂತ್ರವಾಗಿ ಓಡಿದ ರೆಂಡರ್‌ಗಳೆಲ್ಲ ಹಾಗೆ ಓಡಿದವು. ಆಟಕ್ಕೂ ವಿನ್ಯಾಸಕ್ಕೂ ಇದ್ದ ವ್ಯತ್ಯಾಸವೆಂದು ನಾವು ನಂಬಿದ್ದದ್ದು ನಿಜಕ್ಕೂ ವಾಟ್‌ಗಳ ವ್ಯತ್ಯಾಸವಾಗಿತ್ತು. ಪ್ರೊಸೆಸರ್ ಒಂದೇ ದುಡಿಯುವಾಗ ಇಡೀ ಯಂತ್ರ ಗೋಡೆಯಿಂದ ಎಳೆಯುವುದು ನೂರೈವತ್ತು ವಾಟ್ ಆಸುಪಾಸು. ಕಾರ್ಡೂ ಸೇರಿದರೆ ಮಾನಿಟರೊಂದಿಗೆ ಮುನ್ನೂರು ದಾಟುತ್ತದೆ.

ಇದನ್ನು ಖಚಿತಪಡಿಸಿಕೊಳ್ಳಲು ಆಟದ ಫ್ರೇಮ್ ದರಕ್ಕೆ, ಅಂದರೆ ಸೆಕೆಂಡಿಗೆ ಮೂಡುವ ಚಿತ್ರಗಳ ಸಂಖ್ಯೆಗೆ, 60ರ ಮಿತಿ ಹಾಕಿಸಿದೆ. ಮಿತಿ ಹಾಕಿದಾಗ ಕಾರ್ಡು ಕಡಿಮೆ ದುಡಿಯುತ್ತದೆ, ಕಡಿಮೆ ವಿದ್ಯುತ್ತು ಎಳೆಯುತ್ತದೆ. ಆ ಸಂಜೆ ಯಂತ್ರ ಆರಲಿಲ್ಲ. 550 ವಾಟ್‌ನ ಎಸ್‌ಎಂಪಿಎಸ್ಸಿಗೆ ಮುನ್ನೂರು ವಾಟ್ ಹೊರೆಯಲ್ಲ, ಎನ್ವಿಡಿಯಾ ಈ ಕಾರ್ಡಿಗೆ ಸೂಚಿಸುವುದೂ 550 ವಾಟ್ ಎಸ್‌ಎಂಪಿಎಸ್ಸನ್ನೇ. ಹಾಗಾದರೆ ಮುನ್ನೂರಕ್ಕೆ ಸೋಲುವ ಭಾಗ ಯಾವುದು, ಟಕ್ ಎನ್ನುವ ಸದ್ದು ಯಾವುದರದು? ಮೇಜಿನ ಕೆಳಗೆ ಹಳೆಯ ಕಂಪ್ಯೂಟರಿನ ಕಾಲದ 600 ವಿಎ ಯುಪಿಎಸ್ ಇತ್ತು, ಅದರ ಹಿಂಬದಿಯಲ್ಲಿ 360 ವಾಟ್ ಎಂದು ಬರೆದಿತ್ತು. ಸಂಜೆ ಏಳರ ಮೇಲೆ ಆ ಮನೆಯಲ್ಲಿ ಸಂಪಿನಿಂದ ಟ್ಯಾಂಕಿಗೆ ನೀರೇರಿಸುವ ಮೋಟಾರು ಹಾಕುತ್ತಾರೆ. ಮೋಟಾರು ಹೊರಡುವ ಕ್ಷಣಕ್ಕೆ ಮನೆಯ ವೋಲ್ಟೇಜ್ ಕುಸಿಯುತ್ತದೆ, ಯುಪಿಎಸ್ ಬ್ಯಾಟರಿಗೆ ಜಿಗಿಯುತ್ತದೆ, ಆ ಜಿಗಿತದ ರಿಲೇ ಸದ್ದೇ ಟಕ್.

ಉಳಿದದ್ದು ಒಂದೇ ಪರೀಕ್ಷೆ. ಕೆಲಸವನ್ನೆಲ್ಲ ಸೇವ್ ಮಾಡಿ ಮುಚ್ಚಿ, ಡೆಸ್ಕ್‌ಟಾಪ್ ಸುಮ್ಮನೆ ತೆರೆದಿರುವಾಗ ಯುಪಿಎಸ್ಸಿಗೆ ಬರುವ ಗೋಡೆಯ ಸ್ವಿಚ್ಚನ್ನು ಆರಿಸಿದೆವು. ಯಂತ್ರ ಆರದೆ ಉಳಿಯಿತು. ಪ್ರೊಸೆಸರ್ ರೆಂಡರ್ ನಡೆಸಿ ಆರಿಸಿದೆವು, ಆಗಲೂ ಉಳಿಯಿತು. ಆಟ ನಡೆಸಿ ಆರಿಸಿದ ಕೂಡಲೇ ಯಂತ್ರ ಸತ್ತಿತು. ಅನಂತರ ಯುಪಿಎಸ್ ಬಿಟ್ಟು ಗೋಡೆಯ ಸಾಕೆಟ್ಟಿಗೇ ನೇರವಾಗಿ ಹಾಕಿ, ಆಟ ನಡೆಯುತ್ತಿರುವಾಗ ಮೋಟಾರು ಹಾಕಿಸಿದೆವು. ಏನೂ ಆಗಲಿಲ್ಲ. ಎಸ್‌ಎಂಪಿಎಸ್ ತನ್ನೊಳಗಿನ ಸಂಗ್ರಹದಿಂದ ಕ್ಷಣಿಕ ಕುಸಿತವನ್ನು ದಾಟಿಸಬಲ್ಲದು. ಅದಕ್ಕೆ ಆಗದಿದ್ದದ್ದು ಮಿತಿಯ ಅಂಚಿನಲ್ಲಿದ್ದ ಯುಪಿಎಸ್‌ನ ಬ್ಯಾಟರಿಯಿಂದ ಬರುವ ಚೌಕಾಕಾರದ ಅಲೆಯನ್ನು ಪೂರ್ತಿ ಭಾರದಲ್ಲಿ ನುಂಗಿಕೊಳ್ಳುವುದು. ಇಂದಿನ ಎಸ್‌ಎಂಪಿಎಸ್‌ಗಳಲ್ಲಿ ಹಲವಕ್ಕೆ ಅಗ್ಗದ ಯುಪಿಎಸ್‌ನ ಈ ಅಲೆ ಒಗ್ಗುವುದಿಲ್ಲ. ಯುಪಿಎಸ್ ಬೇಕೇಬೇಕು ಎನ್ನುವವರು ವಿಎ ನೋಡದೆ ವಾಟ್ ನೋಡಿ, ಎಳೆಯುವುದರ ಒಂದೂವರೆ ಪಟ್ಟಾದರೂ ಇರುವ, ಗೋಡೆಯ ವಿದ್ಯುತ್ತಿನಂತೆ ನಯವಾಗಿ ಏರಿಳಿಯುವ ಶುದ್ಧ ಸೈನ್ ಅಲೆ ಕೊಡುವ ಯುಪಿಎಸ್ ಕೊಳ್ಳಬೇಕು.

ಆರುವುದಿಲ್ಲ, ನೀಲಿ ಪರದೆ ಬರುತ್ತದೆ

ಯಂತ್ರ ಆರದೆ ನೀಲಿ ಪರದೆ ತೋರಿದರೆ, ಅಥವಾ ಫೋಟೋಶಾಪ್ ಒಂದು ದಿನ, ಬ್ರೌಸರ್ ಇನ್ನೊಂದು ದಿನ ತಾನಾಗಿ ಮುಚ್ಚಿಕೊಂಡರೆ, ಮೊದಲು ರ‍್ಯಾಮನ್ನು ಸಂಶಯಿಸಿ. ಡಿಡಿಆರ್4 ಪಟ್ಟಿಯ ಮೇಲೆ 3200 ಎಂದು ಬರೆದಿದ್ದರೂ ಅನೇಕ ಪಟ್ಟಿಗಳು ಆ ವೇಗಕ್ಕೆ ಬರುವುದು ಬಯಾಸ್‌ನಲ್ಲಿ ಎಕ್ಸ್‌ಎಂಪಿ ಎಂಬ ವೇಗದ ಆಯ್ಕೆಯನ್ನು ಹಾಕಿ, ಸಹಜವಾದ 1.2 ವೋಲ್ಟಿನ ಬದಲು 1.35 ವೋಲ್ಟ್ ಕೊಟ್ಟಾಗ. ಎಕ್ಸ್‌ಎಂಪಿ ತೆಗೆದು ಎರಡು ದಿನ ಕೆಲಸ ಮಾಡಿ ನೋಡಿ. ತೊಂದರೆ ನಿಂತರೆ ದೋಷ ಆ ವೇಗದಲ್ಲಿದೆ. ನಿಲ್ಲದಿದ್ದರೆ ರ‍್ಯಾಮ್ ಪರೀಕ್ಷಿಸುವ ತಂತ್ರಾಂಶವಾದ ಮೆಮ್‌ಟೆಸ್ಟ್86ನ್ನು ಪೆನ್‌ಡ್ರೈವಿಗೆ ಹಾಕಿ ಅದರಿಂದಲೇ ಯಂತ್ರವನ್ನು ಎಬ್ಬಿಸಿ ನಾಲ್ಕೂ ಸುತ್ತು ಓಡಿಸಿ. ಒಂದೇ ಒಂದು ತಪ್ಪು ತೋರಿದರೂ ಆ ಪಟ್ಟಿಯನ್ನು ನಂಬಬಾರದು. ವಿನ್ಯಾಸದ ಕೆಲಸ ಮಾಡುವವರಿಗೆ ಇದು ಆಟದವರಿಗಿಂತ ಹೆಚ್ಚು ಗಂಭೀರವಾದ ವಿಷಯ. ಆಟ ನಿಂತರೆ ಮತ್ತೆ ಹಾಕಬಹುದು, ಆದರೆ ಕೆಟ್ಟ ರ‍್ಯಾಮಿನ ಮೂಲಕ ಹಾದು ಸೇವ್ ಆದ ಕಡತ ಒಳಗೊಳಗೇ ಕೆಟ್ಟಿರಬಹುದು, ಅದು ಗೊತ್ತಾಗುವುದು ಸಲ್ಲಿಸುವ ದಿನ ತೆರೆದಾಗ. ರ‍್ಯಾಮಿನ ಮೇಲೆ ಸಂಶಯ ಬಂದ ದಿನವೇ ಹಳೆಯ ಬ್ಯಾಕಪ್ಪುಗಳ ಮೇಲೆ ಹೊಸದನ್ನು ಬರೆಯುವುದನ್ನು ನಿಲ್ಲಿಸಬೇಕು.

ಪರದೆಯ ಮೇಲೆ ಬಣ್ಣದ ಚೌಕಗಳು, ಗೆರೆಗಳು ಬಂದರೆ ಅವು ಯಾವಾಗ ಬರುತ್ತವೆ ಎಂದು ನೋಡಿ. ವಿಂಡೋಸ್ ಏಳುವ ಮೊದಲೇ, ಬಯಾಸ್ ಪರದೆಯಲ್ಲೇ ಬಂದರೆ ಡ್ರೈವರಿನ ಪಾತ್ರವಿಲ್ಲ. ಬೇರೆ ಕೇಬಲ್, ಬೇರೆ ಮಾನಿಟರ್ ಹಾಕಿಯೂ ಹೋಗದಿದ್ದರೆ ಕಾರ್ಡನ್ನೇ ವಾರಂಟಿಗೆ ಕಳಿಸಬೇಕು. ವಿಂಡೋಸ್ ಎದ್ದ ಮೇಲೆ ಮಾತ್ರ ಬಂದರೆ ಡಿಡಿಯು ಎಂಬ ತಂತ್ರಾಂಶದಿಂದ ಸೇಫ್ ಮೋಡಿನಲ್ಲಿ ಡ್ರೈವರನ್ನು ಬುಡಸಮೇತ ತೆಗೆದು ಹೊಸದಾಗಿ ಹಾಕಿ ನೋಡಿ.

ಕೆಟ್ಟಿಲ್ಲ, ಆದರೆ ನಿಧಾನ

ಇದಕ್ಕೆ ಹೆಚ್ಚು ಹೇಳಬೇಕಾಗಿಲ್ಲ, ಏಕೆಂದರೆ ಬಹುಪಾಲು ಇದು ದೋಷವೇ ಅಲ್ಲ. ರ‍್ಯಾಮ್ ಒಂದೇ ಪಟ್ಟಿಯಾಗಿದ್ದರೆ ಪ್ರೊಸೆಸರಿಗೆ ಒಂದೇ ದಾರಿ ಸಿಗುತ್ತದೆ. 16 ಜಿಬಿಯ ಒಂದರ ಬದಲು 8 ಜಿಬಿಯ ಎರಡು ಕೊಳ್ಳುವುದು ಅದಕ್ಕೇ. 144 ಹರ್ಟ್ಸ್ ಮಾನಿಟರ್ ತಂದವರು ವಿಂಡೋಸ್‌ನ ಡಿಸ್‌ಪ್ಲೇ ಸೆಟ್ಟಿಂಗಿನಲ್ಲಿ ಅದನ್ನು ಆರಿಸದೆ 60ರಲ್ಲೇ ನೋಡುತ್ತಿರುತ್ತಾರೆ. ಕಾರ್ಡು ಕೆಳಗಿನ ಕಿಂಡಿಯಲ್ಲಿದ್ದರೆ ಮೇಲಿನ ಉದ್ದ ಕಿಂಡಿಗೆ ಬದಲಿಸಬೇಕು. ಫೋಟೋಶಾಪ್ ತೆವಳುತ್ತಿದ್ದರೆ ಅದು ತಾತ್ಕಾಲಿಕ ಕಡತಗಳನ್ನಿಡುವ (ಸ್ಕ್ರ್ಯಾಚ್ ಡಿಸ್ಕ್) ಡ್ರೈವ್ ತುಂಬಿದೆಯೇ ನೋಡಿ. ಎರಡನೆಯ ಎಂ.2 ಎಸ್‌ಎಸ್‌ಡಿ ಹಾಕಿದ ದಿನವೇ ಹಳೆಯ ಹಾರ್ಡ್‌ಡಿಸ್ಕ್ ಮಾಯವಾದರೆ ಹೆದರಬೇಡಿ. ಅನೇಕ ಬೋರ್ಡುಗಳಲ್ಲಿ ಆ ಕಿಂಡಿ ಬಳಸಿದಾಗ ಹಾರ್ಡ್‌ಡಿಸ್ಕ್ ಕೇಬಲ್ ಸೇರುವ ಸಾಟಾ ಕಿಂಡಿಗಳಲ್ಲಿ ಕೆಲವು ನಿಲ್ಲುತ್ತವೆ, ಕೇಬಲನ್ನು ಬೇರೆ ಕಿಂಡಿಗೆ ಬದಲಿಸಿದರೆ ಸಾಕು.

ವಾರಂಟಿಗೆ ಕಳಿಸಲೇಬೇಕಾದಾಗ

ಬಿಲ್ಲಿನಲ್ಲಿ ಪ್ರತಿ ಭಾಗದ ಸೀರಿಯಲ್ ನಂಬರ್ ಬರೆಸಿಕೊಂಡಿರಬೇಕು. ಬರೆಸಿಲ್ಲದಿದ್ದರೆ ಪೆಟ್ಟಿಗೆಗಳನ್ನಾದರೂ ಎಸೆಯದೆ ಇಟ್ಟಿರಬೇಕು. ದೂರು ಬರೆಯುವಾಗ ‘ಕಾರ್ಡ್ ಕೆಲಸ ಮಾಡುತ್ತಿಲ್ಲ’ ಎಂಬ ಒಂದೇ ಸಾಲು ಬರೆದರೆ ಅವರು ಹತ್ತು ನಿಮಿಷ ಹಾಕಿ ನೋಡಿ ಸರಿಯಿದೆ ಎಂದು ಹಿಂದಿರುಗಿಸುವ ಸಂಭವವೇ ಹೆಚ್ಚು. ಯಾವ ಭಾಗದೊಂದಿಗೆ ಅದಲುಬದಲು ಮಾಡಿ ನೋಡಿದಿರಿ, ಎಷ್ಟು ಹೊತ್ತಿಗೆ ದೋಷ ಬಂತು, ಯಾವ ಪರೀಕ್ಷೆಯಲ್ಲಿ ಬರಲಿಲ್ಲ ಎಂಬುದನ್ನು ನೋಟ್‌ಬುಕ್ಕಿನಿಂದ ಇಳಿಸಿಕೊಡಿ. ಪರದೆಯ ಮೇಲಿನ ಗೆರೆಗಳಂಥ ದೋಷವಾದರೆ ಫೋನಿನಲ್ಲಿ ವಿಡಿಯೋ ತೆಗೆದಿಡಿ.

ಇಡೀ ಯಂತ್ರವನ್ನೇ ಊರಿನಿಂದ ಊರಿಗೆ ಬಸ್ಸಿನಲ್ಲೋ ಕಾರಿನಲ್ಲೋ ಒಯ್ಯುವುದಿದ್ದರೆ ಗ್ರಾಫಿಕ್ಸ್ ಕಾರ್ಡನ್ನು ಬಿಚ್ಚಿ ಅದರದೇ ಪೆಟ್ಟಿಗೆಯಲ್ಲಿಡಿ, ಕ್ಯಾಬಿನೆಟ್ಟನ್ನು ಮದರ್‌ಬೋರ್ಡ್ ಕೆಳಗೆ ಬರುವಂತೆ ಮಲಗಿಸಿ ಒಯ್ಯಿರಿ. ತಲುಪಿದ ಮೇಲೆ ಯಂತ್ರ ಏಳದಿದ್ದರೆ ಬೇರೇನನ್ನೂ ಸಂಶಯಿಸುವ ಮೊದಲು ರ‍್ಯಾಮ್, ಕಾರ್ಡು ಮತ್ತು ಎರಡೂ ಪವರ್ ಕನೆಕ್ಟರುಗಳನ್ನು ಒಮ್ಮೆ ಕಿತ್ತು ಮತ್ತೆ ಕೂರಿಸಿ ನೋಡಿ.